ಚೆಂಡಿಲ್ಲದ ಬದಿಯ ಕರ್ತವ್ಯ

ನನ್ನ ಪಾಲಿಗೆ ಒಪ್ಪಿಸಿದ ಕೆಲಸವನ್ನು ನಾನು ತಪ್ಪದೆ ಮಾಡಿದ ಮೇಲೆ, ಪಕ್ಕದವನ ಕೆಲಸ ಕೆಟ್ಟರೆ ಅದಕ್ಕೆ ನಾನು ಹೊಣೆಯೇ? ಮನುಷ್ಯನು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿದ್ದಾನೆ. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ, ತಮ್ಮನೆಲ್ಲಿ ಎಂದು ದೇವರು ವಿಚಾರಿಸಿದಾಗ, ತಮ್ಮನನ್ನು ಕಾಯುವುದು ತನ್ನ ಕೆಲಸವೇನು ಎಂದು ಕಾಯಿನನು ಮರುಪ್ರಶ್ನೆ ಹಾಕಿದನು. ಕೊಲೆಗಾರನ ಬಾಯಿಂದ ಬಂದ ಮಾತೆಂದು ನಾವು ಅದನ್ನು ದೂರವಿಟ್ಟಿದ್ದೇವೆ. ಆದರೆ ಕೈಗೆ ರಕ್ತ ಅಂಟದ ಸಭ್ಯರಾದ ನಾವೂ ಅದೇ ಮಾತನ್ನು ಬೇರೆ ಪದಗಳಲ್ಲಿ ದಿನವೂ ಆಡುತ್ತಿರುತ್ತೇವೆ. "ಅದು ಅವರ ಮನೆಯ ವಿಷಯ", "ಊರ ಉಸಾಬರಿ ನನಗೇಕೆ", "ನನ್ನ ಪಾಡೇ ನನಗೆ ಸಾಕಾಗಿದೆ" ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಕೇಳಿಬರದ ದಿನವುಂಟೇ?

ಇಷ್ಟು ಗಂಭೀರವಾದ ಈ ಪ್ರಶ್ನೆಯನ್ನು ಒಂದು ಆಟದ ಮೂಲಕ ಪರಿಶೀಲಿಸಿದರೆ ಓದುಗ ಬಂಧುಗಳು ಬೇಸರಿಸಲಾರರೆಂದು ನಂಬಿದ್ದೇನೆ. ಬಾಸ್ಕೆಟ್‌ಬಾಲ್ ಆಟದಲ್ಲಿ 'ಹೆಲ್ಪ್ ಸೈಡ್ ಡಿಫೆನ್ಸ್' ಎಂಬ ಒಂದು ರಕ್ಷಣಾ ಕ್ರಮವಿದೆ. ನೆರವಿನ ಬದಿಯ ಕಾವಲು ಎಂದು ಅದನ್ನು ಕನ್ನಡದಲ್ಲಿ ಕರೆಯಬಹುದು. ಚೆಂಡು ಎಲ್ಲಿ ಇಲ್ಲವೋ ಅಲ್ಲಿ ನಿಂತವನು ಮಾಡಬೇಕಾದ ಕೆಲಸ ಅದು. ಶಾಲೆಯ ತಂಡದಲ್ಲಿ ಆಡುವ ಮಕ್ಕಳಿಗೆ ತರಬೇತುದಾರರು ಅತ್ಯಂತ ಕಷ್ಟಪಟ್ಟು ಕಲಿಸುವ ಪಾಠಗಳಲ್ಲಿ ಇದೂ ಒಂದು. ನಮ್ಮ ಕುಟುಂಬಗಳೂ ಧರ್ಮಕೇಂದ್ರಗಳೂ ಕಷ್ಟಪಟ್ಟು ಕಲಿಯಬೇಕಾದ ಪಾಠವೂ ಹೌದು.

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯವರಿಗೆ ಬಾಸ್ಕೆಟ್‌ಬಾಲ್‌ಗಿಂತ ಕಬಡ್ಡಿಯೇ ಹತ್ತಿರದ ಆಟ. ಅಲ್ಲಿ ಒಳನುಗ್ಗಿದ ಎದುರಾಳಿಯ ಕಾಲನ್ನು ಮೂಲೆಯ ಆಟಗಾರನೊಬ್ಬ ಹಿಡಿದರೆ, ಉಳಿದವರು ಮರುಕ್ಷಣವೇ ಬಂದು ಅವನನ್ನು ಅದುಮಬೇಕು. ತಡವಾದರೆ ಎದುರಾಳಿಯು ಹಿಡಿದವನನ್ನೇ ಎಳೆದುಕೊಂಡು ಹೋಗಿ ನಡುಗೆರೆ ಮುಟ್ಟುತ್ತಾನೆ; ಧೈರ್ಯ ಮಾಡಿದವನೇ ಔಟಾಗುತ್ತಾನೆ. ಅಲ್ಲಿ ನೆರವಿನ ಅಗತ್ಯ ಎಲ್ಲರ ಕಣ್ಣಿಗೂ ಕಾಣುತ್ತದೆ. ಬಾಸ್ಕೆಟ್‌ಬಾಲ್‌ನಲ್ಲಿ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅಲ್ಲಿ ಐವರಿಗೆ ಐವರು; ಪ್ರತಿಯೊಬ್ಬನಿಗೂ ಕಾಯಲು ಒಬ್ಬೊಬ್ಬ ಎದುರಾಳಿಯನ್ನು ಹಂಚಿಕೊಡುವುದು ವಾಡಿಕೆ. ಹಂಚಿಕೆ ಸ್ಪಷ್ಟವಾದಷ್ಟೂ 'ನನ್ನವನನ್ನು ನಾನು ಕಾದೆ' ಎಂದು ಸಮಾಧಾನ ಪಡುವುದು ಸುಲಭವಾಗುತ್ತದೆ. ನೈತಿಕ ಸಮಸ್ಯೆ ಹುಟ್ಟುವುದು ಇಲ್ಲಿಯೇ.

ಬುಟ್ಟಿಯ ಆಟದ ಹುಟ್ಟು

ಈ ಆಟಕ್ಕೂ ಕ್ರೈಸ್ತ ಸೇವೆಗೂ ಹುಟ್ಟಿನಿಂದಲೇ ನಂಟಿದೆ. ಇದನ್ನು ರೂಪಿಸಿದ ಕೆನಡಾ ದೇಶದ ಜೇಮ್ಸ್ ನೈಸ್ಮಿತ್ ಅವರು ಮಾಂಟ್ರಿಯಲ್ ನಗರದ ಪ್ರೆಸ್‌ಬಿಟೇರಿಯನ್ ಕಾಲೇಜಿನಲ್ಲಿ ಧರ್ಮಶಾಸ್ತ್ರ ಓದಿದವರು. ವೇದಿಕೆಯಿಂದ ಬೋಧಿಸುವುದೊಂದೇ ಯುವಕರನ್ನು ಸನ್ಮಾರ್ಗಕ್ಕೆ ತರುವ ದಾರಿಯಲ್ಲವೆಂದು ಕಂಡುಕೊಂಡು ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದರು. ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ವಿದ್ಯಾರ್ಥಿಗಳಿಗಾಗಿ 1891ರ ಡಿಸೆಂಬರ್‌ನಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದು ಆಟ ಆಡಿಸಿದರು.

ಆ ನಿಯಮಗಳಲ್ಲಿ ಒಂದು ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಎದುರಾಳಿಗೆ ಭುಜದಿಂದ ಗುದ್ದುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಟ್ಟು ಬೀಳಿಸುವುದು ಎಲ್ಲವನ್ನೂ ಅದು ನಿಷೇಧಿಸಿತು. ಕೈಯ ಬಲದಿಂದ ತಡೆಯುವಂತಿಲ್ಲವೆಂದ ಮೇಲೆ ರಕ್ಷಿಸುವವನಿಗೆ ಉಳಿಯುವುದು ಮೂರೇ: ಕಣ್ಣು, ಕಾಲು ಮತ್ತು ತಾನು ನಿಂತ ಸ್ಥಳ. ವೈ.ಎಂ.ಸಿ.ಎ. ಮೂಲಕವೇ ಈ ಆಟ ಅನೇಕ ದೇಶಗಳಿಗೆ ಹಬ್ಬಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಸಂಸ್ಥೆ ನಮ್ಮ ದೇಶದಲ್ಲಿ ಇಂತಹ ಆಟಗಳ ಶಿಕ್ಷಕರನ್ನು ತರಬೇತುಗೊಳಿಸಿತು.

ನೆರವಿನ ಬದಿಯಲ್ಲಿ ನಿಲ್ಲುವ ಬಗೆ

ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಒಂದು ಬುಟ್ಟಿಯಿಂದ ಇನ್ನೊಂದು ಬುಟ್ಟಿಗೆ ನೇರವಾಗಿ ಒಂದು ಗೆರೆ ಎಳೆದಂತೆ ಭಾವಿಸಿಕೊಳ್ಳಿ. ಚೆಂಡು ಇರುವ ಅರ್ಧಭಾಗ ಚೆಂಡಿನ ಬದಿ. ಉಳಿದ ಅರ್ಧಭಾಗ ನೆರವಿನ ಬದಿ. ಚೆಂಡಿನ ಬದಿಯಲ್ಲಿರುವ ರಕ್ಷಕನು ತನ್ನ ಎದುರಾಳಿಗೆ ಅಂಟಿಕೊಂಡು ನಿಲ್ಲುತ್ತಾನೆ. ನೆರವಿನ ಬದಿಯವನು ಹಾಗೆ ಅಂಟಿಕೊಳ್ಳಬಾರದು. ತನ್ನವನಿಂದ ಕೆಲವು ಹೆಜ್ಜೆ ಒಳಗೆ, ನಡುವಿನ ಆ ಕಲ್ಪಿತ ಗೆರೆಯ ಸಮೀಪಕ್ಕೆ ಸರಿದು, ತಲೆ ತಿರುಗಿಸದೆಯೇ ಚೆಂಡೂ ತನ್ನವನೂ ಒಟ್ಟಿಗೆ ಕಾಣುವಂತೆ ನಿಲ್ಲಬೇಕು. ಒಂದು ಕೈ ಚೆಂಡಿನ ಕಡೆಗೆ, ಇನ್ನೊಂದು ಕೈ ತನ್ನವನ ಕಡೆಗೆ ತೋರಿಸುತ್ತಿರುವಂತೆ ಮಕ್ಕಳನ್ನು ನಿಲ್ಲಿಸಿ ತರಬೇತುದಾರರು ಇದನ್ನು ಅಭ್ಯಾಸ ಮಾಡಿಸುತ್ತಾರೆ.

ಚೆಂಡು ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ಹೋಗುವಾಗ ಐವರೂ ಸ್ಥಳ ಬದಲಿಸಬೇಕು. ಚೆಂಡು ತಲಪಿದ ಮೇಲೆ ಹೊರಟರೆ ತಡವಾಯಿತು. ಅದು ಗಾಳಿಯಲ್ಲಿರುವಾಗಲೇ ಕಾಲು ಕದಲಬೇಕು. ಆಗ ಚೆಂಡು ಹಿಡಿದವನು ತನ್ನ ಎದುರಿನ ಕಾವಲುಗಾರನನ್ನು ದಾಟಿ ಬುಟ್ಟಿಯತ್ತ ನುಗ್ಗಿದರೆ, ನೆರವಿನ ಬದಿಯವನು ಮೊದಲೇ ಅಲ್ಲಿಗೆ ಬಂದು ದಾರಿಗೆ ಅಡ್ಡ ನಿಂತಿರುತ್ತಾನೆ. ಅವನು ಬಿಟ್ಟುಬಂದ ಎದುರಾಳಿಯನ್ನು ಮತ್ತೊಬ್ಬ ಸಂಗಾತಿ ನೋಡಿಕೊಳ್ಳುತ್ತಾನೆ. ಸೋತವನಾದರೋ ತಲೆ ತಗ್ಗಿಸಿ ನಿಲ್ಲದೆ, ಓಡಿಹೋಗಿ ಯಾರು ಕಾವಲಿಲ್ಲದೆ ಉಳಿದಿದ್ದಾನೋ ಅವನನ್ನು ಕಾಯುತ್ತಾನೆ. ಅಪಾಯ ಕಳೆದ ಕೂಡಲೇ ಪ್ರತಿಯೊಬ್ಬನೂ ತನ್ನ ಹೊಣೆಗೆ ಮರಳುತ್ತಾನೆ.

ಇದು ಕೆಡುವುದು ಹೇಗೆ? ಕೆಲವರು ತಮ್ಮವನನ್ನೇ ನೋಡುತ್ತ ನಿಂತು ಚೆಂಡನ್ನು ಮರೆಯುತ್ತಾರೆ. ಪಕ್ಕದಲ್ಲಿ ಗೆಳೆಯ ಸೋತದ್ದು ಅವರಿಗೆ ತಿಳಿಯುವುದೇ ಇಲ್ಲ. ಕೆಲವರು ಚೆಂಡಿನ ಆಕರ್ಷಣೆಗೆ ಮನಸೋತು ತಮ್ಮವನನ್ನು ಮರೆಯುತ್ತಾರೆ. ಅವನು ಬೆನ್ನ ಹಿಂದಿನಿಂದ ಬುಟ್ಟಿಗೆ ಓಡುತ್ತಾನೆ. ಮನಸ್ಸಿದ್ದರೂ ತಡವಾಗಿ ಹೊರಡುವ ಇನ್ನು ಕೆಲವರು ಕೈ ಬೀಸಿ ಫೌಲ್ ಮಾಡುತ್ತಾರೆ. ಬಾಯಿ ಬಿಡದೆ ಆಡುವವರೂ ಇದ್ದಾರೆ. ನೆರವು ಇದೆಯೋ ಇಲ್ಲವೋ ಎಂಬುದು ಮುಂದೆ ನಿಂತ ಗೆಳೆಯನಿಗೆ ತಿಳಿಯುವುದೇ ಇಲ್ಲ. ಇದನ್ನು ತಿದ್ದಲು ತರಬೇತುದಾರರು ಅರ್ಧ ಅಂಕಣದಲ್ಲಿ ನಾಲ್ವರಿಗೆ ನಾಲ್ವರನ್ನು ನಿಲ್ಲಿಸುತ್ತಾರೆ. ಮೊದಮೊದಲು ಬುಟ್ಟಿಗೆ ಎಸೆಯಲು ಬಿಡುವುದಿಲ್ಲ. ಚೆಂಡನ್ನು ಸುಮ್ಮನೆ ಸುತ್ತಿಸುತ್ತ, ಪ್ರತಿ ಪಾಸಿಗೂ ನಾಲ್ವರು ರಕ್ಷಕರು ಸರಿಯಾದ ಜಾಗಕ್ಕೆ ಸರಿದರೋ ಎಂದು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಬೇಸರದ ಅಭ್ಯಾಸ, ಆದರೆ ಪಂದ್ಯದ ನಡುವೆ ಯೋಚಿಸಲು ಸಮಯವಿರುವುದಿಲ್ಲವಾದ್ದರಿಂದ ಇದು ಅನಿವಾರ್ಯ.

ಈ ಅಭ್ಯಾಸದಲ್ಲಿ ನನಗೆ ಕಾಣುವ ಮುಖ್ಯ ತತ್ತ್ವವಿಷ್ಟು: ನೆರವು ಎಂಬುದು ಆ ಕ್ಷಣದಲ್ಲಿ ಉಕ್ಕುವ ಕನಿಕರವೊಂದರಿಂದ ಆಗುವಂಥದ್ದಲ್ಲ. ಅಗತ್ಯ ಬೀಳುವುದಕ್ಕೆ ಮೊದಲೇ ನಾವು ಎಲ್ಲಿ ನಿಂತಿದ್ದೇವೆ, ಯಾವ ಕಡೆ ನೋಡುತ್ತಿದ್ದೇವೆ ಎಂಬುದರ ಮೇಲೆ ಅದು ನಿಂತಿದೆ. ಕರುಣೆಯುಳ್ಳವನೂ ದೂರ ನಿಂತಿದ್ದರೆ ಸಮಯಕ್ಕೆ ಬರಲಾರನು.

ಸ್ವಂತ ಹೊರೆ, ಪರರ ಹೊರೆ

ಇಲ್ಲೊಂದು ಆಕ್ಷೇಪ ಬರುತ್ತದೆ. ಎಲ್ಲರೂ ಎಲ್ಲರಿಗೂ ನೆರವಾಗಲು ಹೊರಟರೆ ಸ್ವಂತ ಹೊಣೆಯ ಗತಿಯೇನು? ಆಕ್ಷೇಪ ನ್ಯಾಯವಾದದ್ದೇ. ಕರೆಯದಿದ್ದರೂ ಎಲ್ಲ ಕಡೆಗೆ ಓಡುವ ಆಟಗಾರನ ಎದುರಾಳಿ ಕಾವಲಿಲ್ಲದೆ ನಿಂತು, ದೂರದಿಂದ ನಿರಾತಂಕವಾಗಿ ಗುರಿಯಿಟ್ಟು ಮೂರು ಅಂಕ ಗಳಿಸುತ್ತಾನೆ. ಧರ್ಮಕೇಂದ್ರದ ಪ್ರತಿಯೊಂದು ಸಮಿತಿಯಲ್ಲೂ ದುಡಿದು, ಮನೆಯಲ್ಲಿ ಮಗನೊಡನೆ ಕುಳಿತು ಮಾತನಾಡಲು ಬಿಡುವಿಲ್ಲದ ತಂದೆಯನ್ನು ನಾವು ಕಂಡಿಲ್ಲವೇ? ನೆರೆಮನೆಯ ಜಗಳ ಬಿಡಿಸುವ ನೆಪದಲ್ಲಿ ಅದನ್ನು ಊರಿಗೆಲ್ಲ ಹಂಚುವವರೂ ಉಂಟು. ಅತಿಯಾದ ನೆರವು ಹಲವು ಸಲ ನೆರವಿನ ವೇಷ ತೊಟ್ಟ ಕುತೂಹಲ. ಕೆಲವು ಸಲ ಹೊಗಳಿಕೆಯ ಹಸಿವು.

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಈ ಎರಡೂ ಮಾತುಗಳಿವೆ. ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಎರಡನೆಯ ವಾಕ್ಯದಲ್ಲಿ ಬೋಧಿಸುವ ಅವರು, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದು ಐದನೆಯ ವಾಕ್ಯದಲ್ಲಿ ಹೇಳುತ್ತಾರೆ. ಮೊದಲ ಓದಿಗೆ ಇವು ಒಂದಕ್ಕೊಂದು ವಿರುದ್ಧವೆನ್ನಿಸುತ್ತವೆ. ನೆರವಿನ ಬದಿಯಲ್ಲಿ ನಿಂತ ಆಟಗಾರನಿಗೆ ಮಾತ್ರ ಅವು ವಿರುದ್ಧವೆನ್ನಿಸವು. ತನ್ನವನೂ ಚೆಂಡೂ ಒಟ್ಟಿಗೆ ಕಾಣುವ ಸ್ಥಳವೊಂದಿದೆಯೆಂದು ಅವನು ಬಲ್ಲನು. ಅಲ್ಲಿ ನಿಂತವನು ಎರಡು ಹೊಣೆಗಳಲ್ಲಿ ಒಂದನ್ನು ಆರಿಸಿ ಮತ್ತೊಂದನ್ನು ಬಿಡಬೇಕಾಗಿಲ್ಲ.

ಮದ್ದೂರಿಗೂ ಮಂಡ್ಯಕ್ಕೂ ನಡುವಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೈರಿ ಇದೆ. ಅದಕ್ಕೆ ಹಾಲು ಹಾಕುವ ಕುಟುಂಬಗಳಿಗೆ ಪೌಲರ ಈ ಎರಡು ಮಾತುಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಸುವಿಗೆ ಮೇವು ತರುವುದು, ನಸುಕಿನಲ್ಲಿ ಎದ್ದು ಹಾಲು ಕರೆಯುವುದು, ಊರಿನ ಸಂಘಕ್ಕೆ ಒಯ್ದು ಅಳೆಸುವುದು ಆಯಾ ಮನೆಯವರ ಹೊರೆ. ಅಳತೆಯಾದ ಮೇಲೆ ಎಲ್ಲರ ಹಾಲೂ ಒಂದೇ ಕ್ಯಾನಿಗೆ, ಒಂದೇ ಟ್ಯಾಂಕರಿಗೆ ಸೇರುತ್ತದೆ. ಒಂದು ಮನೆಯ ಪಾತ್ರೆ ಶುಚಿಯಾಗಿಲ್ಲದಿದ್ದರೆ ಕ್ಯಾನಿನ ಹಾಲೆಲ್ಲ ಒಡೆಯಬಹುದು. ಆದಕಾರಣ ಪಕ್ಕದ ಮನೆಯ ಹಸುವಿಗೆ ಕೆಚ್ಚಲು ಬಾವು ಬಂದಾಗ ಪಶುವೈದ್ಯರನ್ನು ಕರೆಸಲು ಓಡುವವನು ಊರ ಉಸಾಬರಿ ಮಾಡುತ್ತಿಲ್ಲ. ಎಲ್ಲರ ಪಾಲಿನದೂ ಆದ ಒಂದನ್ನು ಕಾಯುತ್ತಿದ್ದಾನೆ.

ಹೆದ್ದಾರಿಯ ಬದಿಯಲ್ಲಿ

ಇದೇ ಗೆಜ್ಜಲಗೆರೆಯಲ್ಲಿ 2023ರ ಮಾರ್ಚ್ 12ರಂದು ನಡೆದ ಸಮಾರಂಭದಲ್ಲಿ ಬೆಂಗಳೂರು-ಮೈಸೂರು ನಡುವಿನ 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿಯನ್ನು ಪ್ರಧಾನಿಯವರು ಲೋಕಾರ್ಪಣೆ ಮಾಡಿದರು. ಪ್ರಯಾಣದ ಅವಧಿ ಇಳಿಯಿತು. ವೇಗದೊಡನೆ ಅಪಘಾತಗಳೂ ಬಂದವು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಬೇಕಾಯಿತು. ಗಾಯಗೊಂಡವನೊಬ್ಬ ದಾರಿಬದಿಯಲ್ಲಿ ಬಿದ್ದಿರುವಾಗ ಎಷ್ಟೋ ವಾಹನಗಳು ನಿಲ್ಲದೆ ಸಾಗುವುದು ಯಾವ ಹೆದ್ದಾರಿಗೂ ಹೊಸದಲ್ಲ.

ನಿಲ್ಲದವರೆಲ್ಲ ಕ್ರೂರಿಗಳೆಂದು ಹೇಳಲಾಗದು. ಪೋಲಿಸರ ವಿಚಾರಣೆ, ನ್ಯಾಯಾಲಯದ ಅಲೆದಾಟ, ಆಸ್ಪತ್ರೆಯ ಖರ್ಚು ತಮ್ಮ ತಲೆಗೆ ಬಂದೀತೆಂಬ ಭಯ ಬಹುಕಾಲ ಜನರನ್ನು ಹಿಂದಕ್ಕೆಳೆದಿತ್ತು. ಆ ಭಯವನ್ನು ಹೋಗಲಾಡಿಸಲು ಕೇಂದ್ರ ಸರ್ಕಾರದ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್ 30ರಂದು ಕಾನೂನಿನ ಬಲ ನೀಡಿತು. ಕರ್ನಾಟಕವೂ ಅಂತಹವರ ರಕ್ಷಣೆಗಾಗಿ ಪ್ರತ್ಯೇಕ ಕಾಯಿದೆ ಮಾಡಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿಯೂ ಅವರಿಗೆ ರಕ್ಷಣೆ ದೊರೆಯಿತು. ಸದುದ್ದೇಶದಿಂದ ಗಾಯಾಳುವಿಗೆ ನೆರವಾದವನನ್ನು ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಈ ಕಾನೂನುಗಳು ಅಂಥವನನ್ನು ಕರೆಯುವುದು 'ಗುಡ್ ಸಮಾರಿಟನ್' ಎಂದು. ಪ್ರಭು ಯೇಸು ಹೇಳಿದ ಕಥೆಯ ಪಾತ್ರವೊಂದು ಹೀಗೆ ನಮ್ಮ ದೇಶದ ಕಾನೂನಿನ ಪದವಾಯಿತು.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿರುವ ಆ ಕಥೆಯನ್ನು ನೆರವಿನ ಬದಿಯ ಪಾಠದೊಡನೆ ಮತ್ತೊಮ್ಮೆ ಓದಿ ನೋಡಿ. ಯಾಜಕನೂ ಲೇವಿಯನೂ ಗಾಯಾಳುವನ್ನು ಕಂಡರು, ಕಾಣಲಿಲ್ಲವೆಂದು ಹೇಳುವಂತಿಲ್ಲ. ಕಂಡು, ದಾರಿಯ ಇನ್ನೊಂದು ಬದಿಗೆ ಸರಿದು ಹೋದರು. ಸಮಾರಿಯದವನು ಹತ್ತಿರ ಬಂದನು. ಎಣ್ಣೆ ಮತ್ತು ದ್ರಾಕ್ಷಾರಸ ಅವನ ಬಳಿ ಇದ್ದವು, ಅವನು ಸಿದ್ಧನಾಗಿದ್ದನು. ಗಾಯಗಳನ್ನು ಕಟ್ಟಿ, ತನ್ನ ವಾಹನದ ಪಶುವಿನ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದು ಆರೈಕೆ ಮಾಡಿದನು. ಮರುದಿನ ಛತ್ರದವನ ಕೈಗೆ ಎರಡು ನಾಣ್ಯಗಳನ್ನು ಕೊಟ್ಟು, ಹೆಚ್ಚಿನ ವೆಚ್ಚವನ್ನು ಮರಳಿ ಬರುವಾಗ ತೀರಿಸುವೆನೆಂದು ಹೇಳಿ ತನ್ನ ದಾರಿ ಹಿಡಿದನು. ಈ ಕೊನೆಯ ಭಾಗವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವನು ತನ್ನ ಪ್ರಯಾಣವನ್ನು ಶಾಶ್ವತವಾಗಿ ಕೈಬಿಡಲಿಲ್ಲ. ನೆರವನ್ನು ಇನ್ನೊಬ್ಬನಿಗೆ ಒಪ್ಪಿಸಿ, ಆ ಇನ್ನೊಬ್ಬನಿಗೆ ಬೆಂಬಲವಾಗಿ ನಿಂತು, ತನ್ನ ಹೊಣೆಗೆ ಮರಳಿದನು. ಅಂಕಣದಲ್ಲಿ ನೆರವಾದವನಿಗೆ ನೆರವಾಗುವ ಮತ್ತೊಬ್ಬನಿರುವಂತೆ ಇಲ್ಲಿ ಛತ್ರದವನಿದ್ದಾನೆ. ಒಬ್ಬನೇ ಎಲ್ಲವನ್ನೂ ಮಾಡಬೇಕೆಂದು ಪ್ರಭು ಕೇಳಲಿಲ್ಲ. ಯಾರೂ ಸರಿದುಹೋಗಬಾರದೆಂದು ಮಾತ್ರ ಕೇಳಿದರು.

ಕೂಗದವರ ಕೂಗು

ಆಟದಲ್ಲಿ ಸೋಲುತ್ತಿರುವವನು 'ಹೆಲ್ಪ್' ಎಂದು ಕೂಗುತ್ತಾನೆ. ಆದರೆ ಅನುಭವಿ ಆಟಗಾರರು ಆ ಕೂಗಿಗಾಗಿ ಕಾಯುವುದಿಲ್ಲ. ಗೆಳೆಯನ ಕಾಲು ತಡವರಿಸಿದ್ದನ್ನು, ಹೆಗಲು ಒಂದು ಕಡೆ ವಾಲಿದ್ದನ್ನು ಕಂಡೇ ಹೊರಡುತ್ತಾರೆ. ಹೆಲ್ಪ್ ಎಂಬ ಪದ ಅವರಿಗೆ ಬಹುಮಟ್ಟಿಗೆ ಹಿಂದಿನಿಂದ ಹೇಳುವ ಪದ: ನಾನಿಲ್ಲಿದ್ದೇನೆ, ಧೈರ್ಯವಾಗಿ ಆಡು ಎಂದು ಅದರ ಅರ್ಥ.

ಬದುಕಿನಲ್ಲಿ ಕೂಗುವುದು ಇನ್ನೂ ಕಷ್ಟ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಾಡನ್ನೇ ನಡುಗಿಸಿದವು. ಸಾಲ, ಕಬ್ಬಿನ ಬೆಲೆ, ಕಾರ್ಖಾನೆಗಳಿಂದ ಬರಬೇಕಾದ ಬಾಕಿ ಎಂಬ ದೊಡ್ಡ ಕಾರಣಗಳು ಅವುಗಳ ಹಿಂದಿದ್ದವು. ಅವನ್ನು ಸರಿಪಡಿಸುವ ಹೊಣೆ ಸರ್ಕಾರದ್ದೂ ಸಮಾಜದ್ದೂ ಹೌದು. ಅಂತಹ ಸಾವಿಗೆ ನೆರೆಹೊರೆಯವರನ್ನು ದೂಷಿಸುವುದು ನ್ಯಾಯವಲ್ಲ. ಆದರೂ ಅಂತಹ ಮನೆಗಳ ಮುಂದೆ ನಿಂತವರಲ್ಲಿ ಯಾರಾದರೊಬ್ಬರು "ನಮಗೊಂದು ಮಾತು ಹೇಳಬಾರದಿತ್ತೇ" ಎನ್ನುವುದುಂಟು. ಮಾನಕ್ಕಂಜಿ ಬದುಕುವ ನಮ್ಮ ಸೀಮೆಯಲ್ಲಿ ಒಬ್ಬ ಯಜಮಾನ ತನ್ನ ಸಾಲದ ಮಾತನ್ನು ತಾನಾಗಿ ಹೇಳುವನೆಂದು ನಿರೀಕ್ಷಿಸುವುದು ಕಷ್ಟ. ಪೂಜೆಗೆ ಬರುತ್ತಿದ್ದವರು ಎರಡು ಭಾನುವಾರ ಕಾಣದಿದ್ದರೆ, ಎದುರು ಸಿಕ್ಕಾಗ ನಿಂತು ಮಾತನಾಡುತ್ತಿದ್ದವರು ದಾರಿ ಬದಲಿಸಿದರೆ, ಮಗುವಿನ ಶಾಲೆಯ ಶುಲ್ಕ ನಿಂತರೆ, ಅದೇ ಅವರ ಕೂಗು. ಅದನ್ನು ಕೇಳಬೇಕಾದರೆ ನಾವು ಅವರ ಮನೆಯೂ ಕಾಣುವ ಸ್ಥಳದಲ್ಲಿ ನಿಂತಿರಬೇಕು.

ಬಲಿಪೂಜೆಯ ಆರಂಭದಲ್ಲಿ ನಾವು ಎದೆ ತಟ್ಟಿಕೊಂಡು, ಮಾಡಿದ ತಪ್ಪುಗಳನ್ನಷ್ಟೇ ಅಲ್ಲದೆ ಮಾಡದೆ ಬಿಟ್ಟ ಕರ್ತವ್ಯಗಳನ್ನೂ ಅರಿಕೆ ಮಾಡಿಕೊಳ್ಳುತ್ತೇವೆ. ಮಾಡಿದ ತಪ್ಪಿನ ನೆನಪು ಸುಲಭ. ಮಾಡದೆ ಬಿಟ್ಟದ್ದಕ್ಕೆ ನೆನಪು ಕೂಡ ಇರುವುದಿಲ್ಲ. ಏಕೆಂದರೆ ಆ ಹೊತ್ತಿಗೆ ನಾವು ಬೇರೆ ಕಡೆ ನೋಡುತ್ತಿದ್ದೆವು.

ಲೆಕ್ಕಕ್ಕೆ ಸಿಗದ ಹೆಜ್ಜೆ

2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್‌ನ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ತಂಡ ಕಜಕಸ್ತಾನವನ್ನು 75-73ರಿಂದ ಸೋಲಿಸಿ 'ಎ' ವಿಭಾಗಕ್ಕೆ ಏರಿತು. ಅಂತರ ಎರಡೇ ಅಂಕ, ಅಂದರೆ ಒಂದು ಬುಟ್ಟಿ. ಇಂತಹ ಪಂದ್ಯಗಳ ಅಂಕಪಟ್ಟಿಯಲ್ಲಿ ಯಾರು ಎಷ್ಟು ಅಂಕ ಗಳಿಸಿದರು, ಎಷ್ಟು ರೀಬೌಂಡ್ ಹಿಡಿದರು ಎಂದೆಲ್ಲ ಇರುತ್ತದೆ. ಒಬ್ಬರು ಎರಡು ಹೆಜ್ಜೆ ಒಳಗೆ ಸರಿದು ನಿಂತದ್ದರಿಂದ ಎದುರಾಳಿ ನುಗ್ಗುವ ಯೋಚನೆಯನ್ನೇ ಕೈಬಿಟ್ಟ ಗಳಿಗೆಗೆ ಅಲ್ಲಿ ಜಾಗವಿಲ್ಲ. ಇದಕ್ಕೆ ಬದಲಾಗಿ, ಗೆಳತಿಯ ತಪ್ಪನ್ನು ಮುಚ್ಚಲು ಹೋಗಿ ಆದ ಫೌಲ್ ಮಾತ್ರ ನೆರವಾದವಳ ಹೆಸರಿಗೇ ಬರೆಯಲ್ಪಡುತ್ತದೆ. ಅಂತಹ ಐದು ಫೌಲ್‌ಗಳಾದರೆ ಅವಳೇ ಹೊರನಡೆಯಬೇಕು. ನೆರವಾಗುವವರು ಕೆಲವೊಮ್ಮೆ ಇನ್ನೊಬ್ಬರ ಸೋಲನ್ನು ತಮ್ಮ ಲೆಕ್ಕಕ್ಕೆ ಬರೆಸಿಕೊಳ್ಳಬೇಕಾಗುತ್ತದೆ. ಶಿಲುಬೆಯ ಮುಂದೆ ಮಂಡಿಯೂರುವ ನಮಗೆ ಇದು ಅಪರಿಚಿತವಾದ ಸಂಗತಿಯಲ್ಲ.

ಇಷ್ಟಾದರೂ, ನೆರವು ಸಿಗುವುದೆಂದು ತಿಳಿದವನು ಸೋಮಾರಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಟದ ಉತ್ತರ ಸ್ಪಷ್ಟವಾಗಿದೆ: ನೆರವು ಪಡೆದವನಿಗೆ ಅಲ್ಲಿ ವಿಶ್ರಾಂತಿಯಿಲ್ಲ. ತನಗಾಗಿ ಜಾಗ ಬಿಟ್ಟು ಬಂದವನ ಖಾಲಿ ಸ್ಥಳವನ್ನು ತುಂಬಲು ಅವನು ಆ ಕ್ಷಣವೇ ಓಡಬೇಕು. ಕೃತಜ್ಞತೆಯೆಂದರೆ ಬಾಯಿಮಾತಿನ ಧನ್ಯವಾದವಲ್ಲ, ಮುಂದಿನ ಬಿರುಕಿಗೆ ತಾನು ಅಡ್ಡ ನಿಲ್ಲುವುದು. ಆಪತ್ತಿನಲ್ಲಿ ಕೈಹಿಡಿದವರಿಗೇ ಉಪಕಾರ ತೀರಿಸುವ ಅವಕಾಶ ನಮಗೆ ಬಾರದಿರಬಹುದು. ಅವರು ನಮಗಾಗಿ ಬಿಟ್ಟುಕೊಟ್ಟ ಜಾಗದಲ್ಲಿ ಮತ್ತೊಬ್ಬರು ಕಾಯುತ್ತಿರುತ್ತಾರೆ.

ಈ ವಾರ ಮನೆಯವರೆಲ್ಲ ಸಂಜೆಯ ಜಪಸರಕ್ಕೆ ಕುಳಿತಾಗ ಒಂದು ಪ್ರಶ್ನೆಯನ್ನು ಒಟ್ಟಿಗೆ ಕೇಳಿಕೊಳ್ಳೋಣ: ನಮ್ಮ ಮನೆಯನ್ನು ಬಿಡದೆಯೇ, ನಾವು ನಿಂತಲ್ಲಿಂದ ಇನ್ನು ಯಾರ ಮನೆ ಕಾಣುತ್ತಿದೆ? ಯಾರದೂ ಕಾಣದಿದ್ದರೆ ಎರಡು ಹೆಜ್ಜೆ ಒಳಕ್ಕೆ ಸರಿಯೋಣ. ತಮ್ಮನೆಲ್ಲಿ ಎಂದು ದೇವರು ಕೇಳುವಾಗ, ಅವನು ನನ್ನ ಕಣ್ಣಳತೆಯಲ್ಲೇ ಇದ್ದಾನೆ ಎಂದು ಉತ್ತರಿಸುವ ಭಾಗ್ಯವನ್ನು ಪ್ರಭು ನಮ್ಮೆಲ್ಲರಿಗೂ ಅನುಗ್ರಹಿಸಲಿ.